ನೆಲಕ್ಕೆ ತಕ್ಕ ಗಾಲಿ

ಆಷಾಢದ ಮಳೆ ಹಿಡಿದ ದಿನಗಳಲ್ಲಿ ಕಾರವಾರದಿಂದ ಅಂಕೋಲೆಯ ಕಡೆಗೆ ಪ್ರಯಾಣ ಮಾಡುವವರು ಒಂದು ದೃಶ್ಯವನ್ನು ಕಾಣಬಹುದು. ಹೆದ್ದಾರಿಯ ಮೇಲೆ ಸಲೀಸಾಗಿ ಉರುಳಿಬಂದ ಟ್ರ್ಯಾಕ್ಟರು ಪಕ್ಕದ ಗದ್ದೆಗೆ ಇಳಿದೊಡನೆ ತಿಣುಕತೊಡಗುವುದು. ಹಿಂದಿನ ಚಕ್ರಗಳು ಗಿರ್ರನೆ ತಿರುಗುವುವು; ಯಂತ್ರ ಮಾತ್ರ ಮುಂದೆ ಸಾಗದು. ಎಂಜಿನ್ನಿನ ವೇಗ ಹೆಚ್ಚಿಸಿದಷ್ಟೂ ಚಕ್ರ ಹೂತುಹೋಗುವುದು. ಬಾಡಿಗೆಯ ಗಂಟೆ ಓಡುತ್ತಿರುತ್ತದೆ. ನಾಟಿಯ ಹದ ತಪ್ಪುತ್ತಿರುತ್ತದೆ. ಎಂಜಿನ್ನಿನ ಶಕ್ತಿಗೆ ಇಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಚಕ್ರವೂ ನೆಲವೂ ಕೂಡುವ ಗೇಣಗಲದ ಜಾಗದಲ್ಲಿ. ಅಲ್ಲಿ ಏನು ನಡೆಯುವುದೆಂಬುದನ್ನು ನಾವು ವಿಚಾರಿಸೋಣ.

ಮೊದಲಿನ ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಗಾಲಿಗಳೇ ಇದ್ದವು. ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಬೇಡಿದ್ದನು. 1888ರಲ್ಲಿ ಡನ್‌ಲಪ್ ಅದನ್ನು ಸೈಕಲ್ಲಿಗೆ ಅಳವಡಿಸಿ ಬಳಕೆಗೆ ತಂದನು. ಅದು ಹೊಲಕ್ಕೆ ಇಳಿಯಲು ಇನ್ನೂ ನಾಲ್ಕು ದಶಕಗಳು ಬೇಕಾದವು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿಯು ತನ್ನ ಟ್ರ್ಯಾಕ್ಟರಿಗೆ ಇಂಥ ಟೈರುಗಳನ್ನು ತೊಡಿಸಿತು.

ಗಾಳಿ ತುಂಬಿದ ಟೈರು ನೆಲವನ್ನು ಒತ್ತುವ ಒತ್ತಡವು, ಸ್ಥೂಲವಾಗಿ, ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುವುದು. ಒಂದು ಹಿಂಬದಿ ಚಕ್ರದ ಮೇಲೆ 700 ಕಿಲೋಗ್ರಾಂ ಭಾರವಿದೆಯೆನ್ನೋಣ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಆದರೆ, ಟೈರು ಚಪ್ಪಟೆಯಾಗಿ 700 ಚದರ ಸೆಂಟಿಮೀಟರ್ ನೆಲವನ್ನು ಆವರಿಸಬೇಕು. ಒತ್ತಡವನ್ನು ಇಮ್ಮಡಿಗೊಳಿಸಿದರೆ ಆವರಿಸುವ ನೆಲ ಅರ್ಧಕ್ಕಿಳಿಯುವುದು.

ಇನ್ನು ಹಿಡಿತದ ಮಾತು. ಚಕ್ರವು ಮಣ್ಣನ್ನು ಹಿಂದಕ್ಕೆ ತಳ್ಳುವುದರಿಂದಲೇ ಟ್ರ್ಯಾಕ್ಟರು ಮುಂದಕ್ಕೆ ಹೋಗುವುದು. ಮಣ್ಣು ಹರಿದು ಜಾರಿದರೆ ಹಿಡಿತ ತಪ್ಪಿತು. ಹಾಗೆ ಹರಿಯದಂತೆ ಮಣ್ಣನ್ನು ತಡೆಯುವ ಬಲಗಳು ಎರಡು: ಕಣಗಳು ಒಂದನ್ನೊಂದು ಅಂಟಿಕೊಂಡಿರುವ ಸಂಸಕ್ತಿ, ಮತ್ತು ಒಂದರ ಮೇಲೊಂದು ಉಜ್ಜುವ ಘರ್ಷಣೆ. ಸಂಸಕ್ತಿಯ ಬಲ ಆವರಿಸಿದ ನೆಲದ ವಿಸ್ತಾರಕ್ಕೆ ಅನುಗುಣವಾದುದು. ಘರ್ಷಣೆಯ ಬಲ ಮೇಲಿನ ಭಾರಕ್ಕೆ ಅನುಗುಣವಾದುದು. ಟೈರಿನ ಆಯ್ಕೆಯ ಗುಟ್ಟೆಲ್ಲವೂ ಈ ಎರಡು ವಾಕ್ಯಗಳಲ್ಲಿದೆ.

ಕಡಲ ಬದಿಯ ಮರಳು ನೆಲವನ್ನು ತೆಗೆದುಕೊಳ್ಳಿರಿ. ಅಲ್ಲಿ ಸಂಸಕ್ತಿ ಇಲ್ಲವೆಂದೇ ಹೇಳಬಹುದು. ಇರುವುದು ಘರ್ಷಣೆ ಮಾತ್ರ. ಅದರ ಗುಣಾಂಕ ಸುಮಾರು 0.6. ಚಕ್ರದ ಮೇಲೆ 100 ಕಿಲೋಗ್ರಾಂ ಹೇರಿದರೆ ಹಿಡಿತ 60 ಕಿಲೋಗ್ರಾಮಿನಷ್ಟು ಹೆಚ್ಚುವುದು. ಟೈರಿನೊಳಗೆ ನೀರು ತುಂಬಿಸಿ ಭಾರ ಕೂಡಿಸುವ ರೂಢಿಯ ಹಿಂದಿರುವ ತತ್ತ್ವ ಇದೇ. ಆದರೆ ಚಕ್ರ ಮರಳಿನಲ್ಲಿ ಇಳಿಯದಿರಬೇಕಾದರೆ ಅಗಲವಾದ ಟೈರು ಬೇಕು.

ಗಂಗಾವಳಿಯ ಬದಿಯ ತಗ್ಗಿನ ಗದ್ದೆಗಳಲ್ಲಿ ಕಥೆ ಬೇರೆ. ನೀರು ಕುಡಿದ ಜೇಡಿಯಲ್ಲಿ ಘರ್ಷಣೆ ಕೆಲಸಕ್ಕೆ ಬಾರದು, ಸಂಸಕ್ತಿಯೊಂದೇ ಗತಿ. ಅದು ಚದರ ಸೆಂಟಿಮೀಟರಿಗೆ 0.1 ಕಿಲೋಗ್ರಾಂ ಎಂದುಕೊಂಡರೆ, ನಮ್ಮ 700 ಚದರ ಸೆಂಟಿಮೀಟರಿಗೆ ದೊರೆಯುವ ಹಿಡಿತ ಕೇವಲ 70 ಕಿಲೋಗ್ರಾಂ. ಮೇಲೆ ಎಷ್ಟು ಭಾರ ಹೇರಿದರೂ ಈ ಹಿಡಿತ ಹೆಚ್ಚದು. ಅಷ್ಟೇ ಅಲ್ಲ, ಮೆದು ಜೇಡಿಯು ತನ್ನ ಸಂಸಕ್ತಿಯ ಸುಮಾರು ಐದು ಪಟ್ಟು ಒತ್ತಡವನ್ನು, ಅಂದರೆ 0.5 ಕಿಲೋಗ್ರಾಮನ್ನು, ಮಾತ್ರ ತಾಳಬಲ್ಲುದು. ನಾವು ಹೇರಿರುವುದು 1 ಕಿಲೋಗ್ರಾಂ! ಕೆಳಗಿನ ಗಟ್ಟಿ ತಳ ಸಿಗುವವರೆಗೂ ಚಕ್ರ ಹೂಳಲೇಬೇಕು. ಇಲ್ಲಿ ಬೇಕಾದುದು ಭಾರವಲ್ಲ, ವಿಸ್ತಾರ. ಆದುದರಿಂದಲೇ ಕೆಸರುಗದ್ದೆಗೆ ಎತ್ತರವಾದ ಏಣುಗಳುಳ್ಳ ಟೈರನ್ನಾಗಲಿ, ಟೈರಿನ ಪಕ್ಕಕ್ಕೆ ಕಬ್ಬಿಣದ ಕೇಜ್‌ವೀಲನ್ನಾಗಲಿ ಜೋಡಿಸುವರು. ಹೊಲದಿಂದ ಹೊರಬಿದ್ದ ಕಬ್ಬಿಣದ ಗಾಲಿ ಗದ್ದೆಗೆ ಹೀಗೆ ಮರಳಿ ಬಂದಿದೆ.

ಚಿರೆಕಲ್ಲಿನ ಗಟ್ಟಿ ನೆಲದಲ್ಲಿಯೂ ಡಾಂಬರು ರಸ್ತೆಯಲ್ಲಿಯೂ ಎತ್ತರದ ಏಣುಗಳು ಬೇಗನೆ ಸವೆಯುವುವು. ಅಲ್ಲಿಗೆ ಗಿಡ್ಡ ಏಣುಗಳೇ ಸಾಕು. ಭತ್ತದ ಮೂಟೆ ಸಾಗಿಸುವ ಟ್ರೇಲರಿಗೆ ಏಣುಗಳೇ ಬೇಡ. ಅದು ಎಳೆಯುವುದಿಲ್ಲ, ಎಳೆಸಿಕೊಳ್ಳುವುದು.

ಟೈರಿನ ಪಕ್ಕದಲ್ಲಿ 13.6-28 ಎಂಬಂಥ ಗುರುತನ್ನು ನೀವು ನೋಡಿರಬಹುದು. ಮೊದಲಿನದು ಟೈರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ವ್ಯಾಸ, ಎರಡೂ ಇಂಚುಗಳಲ್ಲಿ. ಟೈರನ್ನು ತೊಡಿಸುವಾಗ ಬಾಣದ ಗುರುತನ್ನು ಗಮನಿಸಬೇಕು. ಏಣುಗಳ ನಡುಮೊನೆ ಮೊದಲು ನೆಲ ಮುಟ್ಟಿದರೆ ಕೆಸರು ಅಂಚಿನತ್ತ ಹೊರಬೀಳುವುದು. ತಿರುವುಮುರುವಾದರೆ ಕೆಸರು ಒಳಗೇ ತುಂಬಿಕೊಳ್ಳುವುದು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ನಿಂತಿರುವ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಸುಣ್ಣದ ಗುರುತು ಹಾಕಿರಿ. ಬಳಿಕ ದೂರ ನಿಂತು ಸುತ್ತುಗಳನ್ನು ಎಣಿಸಿರಿ. ರಸ್ತೆಯಲ್ಲಿ ಹತ್ತು ಸುತ್ತಿಗೆ 40 ಮೀಟರ್, ಉಳುವಾಗ 34 ಮೀಟರ್ ಬಂದರೆ, ಜಾರಿದ್ದು 40ರಲ್ಲಿ 6, ಅಂದರೆ ನೂರಕ್ಕೆ 15. ಗಟ್ಟಿ ಹೊಲದಲ್ಲಿ ಇಷ್ಟು ಸಹಜ. ಇದಕ್ಕಿಂತ ಬಹಳ ಹೆಚ್ಚಿದರೆ, ಡೀಸೆಲ್ಲೂ ರಬ್ಬರೂ ವ್ಯರ್ಥವಾಗುತ್ತಿವೆಯೆಂದು ತಿಳಿಯಬೇಕು.

ಕಡೆಗೊಂದು ಮಾತು. ಉಪ್ಪುನೀರು ನುಗ್ಗುವ ಗಜನಿಗಳಲ್ಲಿ ಕೆಸರು ಆಳವಾಗಿದ್ದು ಗಟ್ಟಿ ತಳವೇ ಸಿಗದಿದ್ದರೆ, ಭಾರವಾದ ಟ್ರ್ಯಾಕ್ಟರನ್ನು ಅಲ್ಲಿಗೆ ಇಳಿಸದಿರುವುದೇ ಲೇಸು. ಯಾವ ಗಾಲಿ ಬೇಕೆಂಬುದನ್ನು ಮಾತ್ರವಲ್ಲದೆ, ಯಾವ ಗಾಲಿಯೂ ಸಲ್ಲದೆಂಬುದನ್ನೂ ಇದೇ ಲೆಕ್ಕವು ನಮಗೆ ಮುಂಚಿತವಾಗಿ ತಿಳಿಸುವುದು.