ಹವಳಕ್ಕೆ ಬೇಕಾದ ಬೆಳಕು ಮತ್ತು ಹರಿವು

ಸೂರತ್ ನಗರದ ವರಾಛಾ ಬಡಾವಣೆಯ ಹೆಸರು ವಜ್ರದ ವ್ಯಾಪಾರವನ್ನು ಬಲ್ಲ ಎಲ್ಲರಿಗೂ ಪರಿಚಿತವಾದುದು. ಅಲ್ಲಿಯ ಕಾರ್ಖಾನೆಗಳಲ್ಲಿ ಸಾವಿರಾರು ಕುಶಲಕರ್ಮಿಗಳು ದೀಪದ ಬೆಳಕಿನಲ್ಲಿ ಕಣ್ಣಿಗೆ ಮಸೂರವಿಟ್ಟು ಹರಳುಗಳಿಗೆ ಮುಖ ಕೊಡುತ್ತಾರೆ. ವಜ್ರದಂತೆ ಹವಳಕ್ಕೂ ನಮ್ಮವರು ನವರತ್ನಗಳಲ್ಲಿ ಸ್ಥಾನ ಕೊಟ್ಟಿದ್ದಾರೆ. ಆದರೆ ಇವೆರಡಕ್ಕೂ ಬೆಳಕಿನೊಂದಿಗಿರುವ ಸಂಬಂಧ ಬೇರೆ ಬೇರೆ. ವಜ್ರಕ್ಕೆ ಬೆಳಕು ಬೇಕಾದುದು ನೋಡುವವನ ಸಲುವಾಗಿ. ಕತ್ತಲೆಯಲ್ಲಿ ನೂರು ವರ್ಷವಿಟ್ಟರೂ ಅದು ವಜ್ರವೇ. ಸಮುದ್ರದಲ್ಲಿ ದಿಬ್ಬಗಳನ್ನು ಕಟ್ಟುವ ಹವಳಕ್ಕಾದರೋ ಬೆಳಕೇ ಆಹಾರ. ಕೆಲವು ವಾರ ಕತ್ತಲೆಯಲ್ಲಿಟ್ಟರೆ ಅದು ಬಣ್ಣಗೆಟ್ಟು ಸಾಯುತ್ತದೆ.

ಇಲ್ಲೊಂದು ಗೊಂದಲವನ್ನು ಮೊದಲೇ ನಿವಾರಿಸಬೇಕು. ಉಂಗುರದಲ್ಲಿ ಕೂರಿಸುವ ಕೆಂಪು ಹವಳವೂ ದಿಬ್ಬ ಕಟ್ಟುವ ಹವಳವೂ ಒಂದೇ ಜೀವಿಯಲ್ಲ. ಆಭರಣದ ಹವಳ ಮೆಡಿಟರೇನಿಯನ್ ಮೊದಲಾದ ಸಮುದ್ರಗಳ ಮಬ್ಬುಗತ್ತಲೆಯಲ್ಲಿ, ನೀರಿನಲ್ಲಿ ತೇಲಿಬರುವ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿಂದು ಬದುಕುತ್ತದೆ. ದಿಬ್ಬ ಕಟ್ಟುವ ಹವಳದ ಅಂಗಾಂಶದೊಳಗೆ ಕಣ್ಣಿಗೆ ಕಾಣದ ಏಕಕೋಶ ಪಾಚಿಗಳು ವಾಸವಾಗಿರುತ್ತವೆ. ಅವು ದ್ಯುತಿಸಂಶ್ಲೇಷಣೆಯಿಂದ ಸಕ್ಕರೆಯನ್ನು ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಒಪ್ಪಿಸುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ ಹವಳದ ಶಕ್ತಿಯ ಶೇಕಡಾ 90ರಷ್ಟು ಹೀಗೆ ಒದಗಬಹುದು. ಬದಲಿಗೆ ಪಾಚಿಗೆ ದೊರೆಯುವುದು ಇರಲು ನೆಲೆ ಮತ್ತು ಹವಳದ ದೇಹದಿಂದ ಹೊರಬರುವ ಸಾರಜನಕ ಹಾಗೂ ಇಂಗಾಲದ ಡೈಆಕ್ಸೈಡ್. ಆದುದರಿಂದ ಹವಳವನ್ನು ಸಾಕುವುದೆಂದರೆ ಒಂದು ಪ್ರಾಣಿಯನ್ನೂ ಅದರೊಳಗಿನ ಒಂದು ತೋಟವನ್ನೂ ಒಟ್ಟಿಗೆ ಸಾಕಿದಂತೆ.

ಎರಡು ಕೊಲ್ಲಿಗಳ ಪಾಠ

ಬೆಳಕು ಮತ್ತು ಹರಿವು ಎರಡೂ ಸೇರಿದರೆ ಮಾತ್ರ ಹವಳ ಎಂಬುದಕ್ಕೆ ಗುಜರಾತಿನ ಕರಾವಳಿಗಿಂತ ಉತ್ತಮ ನಿದರ್ಶನವಿಲ್ಲ. ಸೂರತ್ ನಗರದ ಬಳಿಯ ಡುಮಸ್ ತೀರದಲ್ಲಿ ನಿಂತು ನೋಡಿದರೆ ಕಾಣುವುದು ಕಂದು ಬಣ್ಣದ ಕದಡಿದ ನೀರು. ಖಂಭಾತ್ ಕೊಲ್ಲಿಯ ಭರತ ಇಳಿತ ದೇಶದಲ್ಲೇ ದೊಡ್ಡದು; ಭಾವನಗರದಲ್ಲಿ ಅದು ಹತ್ತು ಮೀಟರನ್ನೂ ಮೀರುತ್ತದೆ. ಹರಿವಿಗೆ ಇಲ್ಲಿ ಕೊರತೆಯಿಲ್ಲ. ಆದರೆ ನರ್ಮದಾ, ತಾಪಿ, ಮಹೀ, ಸಾಬರಮತಿ ನದಿಗಳು ತಂದು ಸುರಿಯುವ ಹೂಳನ್ನು ಆ ಹರಿವು ಸದಾ ಕಲಕುತ್ತಿರುವುದರಿಂದ ಬೆಳಕು ನೀರಿನೊಳಗೆ ಇಳಿಯುವುದೇ ಇಲ್ಲ. ಸಿಹಿನೀರಿನ ಬೆರಕೆ ಬೇರೆ. ಆದುದರಿಂದ ಅಲ್ಲಿ ಹವಳದ ದಿಬ್ಬಗಳಿಲ್ಲ.

ಸೌರಾಷ್ಟ್ರವನ್ನು ಬಳಸಿ ಉತ್ತರಕ್ಕೆ ಹೋದರೆ ಕಚ್ಛ್ ಕೊಲ್ಲಿ. ಅಲ್ಲಿಯೂ ಭರತ ಇಳಿತ ಪ್ರಬಲವಾಗಿದೆ, ನೀರು ಅಷ್ಟೇನೂ ತಿಳಿಯಲ್ಲ. ಆದರೂ ಮಳೆ ಕಡಿಮೆಯಾದ ಪ್ರದೇಶವಾದುದರಿಂದ ದೊಡ್ಡ ನದಿಗಳ ಹೂಳಿಲ್ಲ. ಕೊಲ್ಲಿಯ ದಕ್ಷಿಣ ದಂಡೆಯ ಉದ್ದಕ್ಕೂ, ಪಿರೋಟನ್, ನರಾರಾ ಮುಂತಾದೆಡೆಗಳಲ್ಲಿ ಹವಳದ ದಿಬ್ಬಗಳು ಉಳಿದುಬಂದಿವೆ. ಭಾರತದ ಪ್ರಥಮ ಸಾಗರ ರಾಷ್ಟ್ರೀಯ ಉದ್ಯಾನ ಇದೇ. 1980ರಲ್ಲಿ ಅಭಯಾರಣ್ಯವೆಂದೂ 1982ರಲ್ಲಿ ರಾಷ್ಟ್ರೀಯ ಉದ್ಯಾನವೆಂದೂ ಘೋಷಿತವಾಯಿತು. ಇಳಿತದ ವೇಳೆ ಅರಣ್ಯ ಇಲಾಖೆಯ ಅನುಮತಿ ಪಡೆದು ನರಾರಾದಲ್ಲಿ ಕಾಲ್ನಡಿಗೆಯಲ್ಲೇ ದಿಬ್ಬವನ್ನು ನೋಡಿಬರಬಹುದು. ಮುಳುಗುವ ಸಾಧನಗಳಿಲ್ಲದೆ ಹವಳವನ್ನು ಕಾಣುವ ಇಂತಹ ಅವಕಾಶ ಎಲ್ಲೆಡೆಯೂ ದೊರೆಯುವಂತಹುದಲ್ಲ. ಕನ್ನಡ ನಾಡಿನಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವುಂಟು. ಆದರೆ ಅದನ್ನು ಕಾಣಲು ದೋಣಿಯಲ್ಲಿ ಹೋಗಿ ನೀರಿಗೆ ಇಳಿಯಲೇಬೇಕು.

ಕಚ್ಛ್ ಕೊಲ್ಲಿಯಲ್ಲಿ ಉಳಿದಿರುವ ಹವಳಗಳನ್ನು ಗಮನಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಗುಂಡು ಬಂಡೆಯಂತಹ ಪೋರೈಟಿಸ್, ಬಟ್ಟಲಿನಂತಹ ಟರ್ಬಿನೇರಿಯಾ, ಉದ್ದ ತೊಟ್ಟಿನ ಹೂವುಗಳನ್ನು ಹೋಲುವ ಗೋನಿಯೋಪೋರಾ ಇವೆಲ್ಲ ಮೇಲೆ ಬಿದ್ದ ಹೂಳನ್ನು ಲೋಳೆ ಸುರಿಸಿಯೋ ಅಂಗಾಂಶವನ್ನು ಉಬ್ಬಿಸಿಯೋ ಕೊಡವಿಕೊಳ್ಳಬಲ್ಲವು, ಮಬ್ಬು ಬೆಳಕಿಗೂ ಹೊಂದಿಕೊಳ್ಳಬಲ್ಲವು. ತಿಳಿನೀರನ್ನೂ ಪ್ರಖರ ಬೆಳಕನ್ನೂ ಬೇಡುವ ಕವಲುಗೊಂಬಿನ ಅಕ್ರೊಪೋರಾ ಇಲ್ಲಿಂದ ಬಹುಕಾಲದ ಹಿಂದೆಯೇ ಮರೆಯಾಗಿತ್ತು. 2020ರಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯವು ಗುಜರಾತ್ ಅರಣ್ಯ ಇಲಾಖೆಯ ನೆರವಿನಿಂದ ಮೀಠಾಪುರದ ಕಡಲಿನಲ್ಲಿ ಉಕ್ಕಿನ ಚೌಕಟ್ಟನ್ನು ಇಳಿಸಿ, ಅದರಲ್ಲಿ ಅತ್ಯಲ್ಪ ವಿದ್ಯುತ್ತನ್ನು ಹರಿಸಿ, ನೀರಿನ ಸುಣ್ಣದಂಶ ಚೌಕಟ್ಟಿನ ಮೇಲೆ ಕಟ್ಟಿಕೊಳ್ಳುವಂತೆ ಮಾಡಿ, ಅದರ ಮೇಲೆ ಹವಳದ ತುಣುಕುಗಳನ್ನು ನೆಲೆಗೊಳಿಸುವ ಪ್ರಯೋಗವನ್ನು ಕೈಗೊಂಡಿತು. ಇಂತಹ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಗಳೂ ಇವೇ: ಈ ಸ್ಥಳದಲ್ಲಿ ಬೆಳಕೆಷ್ಟು, ಹರಿವೆಷ್ಟು?

ಮನೆಯ ತೊಟ್ಟಿ ಮತ್ತು ಕಾನೂನು

ಇತ್ತೀಚಿನ ವರ್ಷಗಳಲ್ಲಿ ನಗರಗಳ ಮನೆಗಳಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಇಡುವ ಹವ್ಯಾಸ ಬೆಳೆದಿದೆ. ವಿದೇಶಗಳ ಪುಸ್ತಕಗಳನ್ನು ನೋಡಿ ಹವಳವನ್ನೇ ಬೆಳೆಸಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ದಿಬ್ಬ ಕಟ್ಟುವ ಎಲ್ಲ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕೊಳಲು ಹವಳ ಮತ್ತು ಕಡಲ ಬೀಸಣಿಗೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು; ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ ಅವುಗಳಿಗೂ ಉಂಟು. ಸಮುದ್ರ ಕುದುರೆಯೂ ಇದೇ ಸಾಲಿಗೆ ಸೇರಿದೆ. ಸಮುದ್ರದಿಂದ ಅವನ್ನು ತೆಗೆಯುವುದು, ಮಾರುವುದು, ಕೊಳ್ಳುವುದು ಅಪರಾಧ. ಶಿಕ್ಷೆ ಕನಿಷ್ಠ ಮೂರು ವರ್ಷಗಳಿಂದ ಏಳು ವರ್ಷಗಳವರೆಗಿನ ಕಾರಾಗೃಹವಾಸ. 2022ರ ತಿದ್ದುಪಡಿಯ ಮೇರೆಗೆ ದಂಡ 25 ಸಾವಿರ ರೂಪಾಯಿಗಳಿಗೆ ಕಡಿಮೆಯಿಲ್ಲ. ಸತ್ತು ಒಣಗಿದ ಬಿಳಿಯ ತುಣುಕಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ತೀರ್ಥಯಾತ್ರೆಯಲ್ಲಿ ಕಡಲತೀರದ ಅಂಗಡಿಗಳಿಂದ ನೆನಪಿನ ವಸ್ತುಗಳನ್ನು ಕೊಳ್ಳುವವರು ಮರೆಯಬಾರದು. ಅಂಗಡಿಯವನು ‘ಪರವಾಗಿಲ್ಲ, ಎಲ್ಲರೂ ಒಯ್ಯುತ್ತಾರೆ’ ಎಂದು ಹೇಳುವುದು ಕಾನೂನಿನ ಮುಂದೆ ಉತ್ತರವಾಗಲಾರದು.

ಹಾಗಾದರೆ ಬೆಳಕು, ಹರಿವುಗಳ ವಿಚಾರವನ್ನು ಸಾಮಾನ್ಯ ಓದುಗರು ತಿಳಿಯುವುದೇಕೆ? ಎರಡು ಕಾರಣಗಳಿವೆ. ದಿಬ್ಬದ ಮೀನುಗಳನ್ನೂ ಕಡಲ ಪಾಚಿಯನ್ನೂ ಕೃತಕ ಬಂಡೆಗಳ ನಡುವೆ ಸಾಕುವ ತೊಟ್ಟಿಗೂ ಇದೇ ತತ್ವಗಳು ಅನ್ವಯಿಸುತ್ತವೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕೋಡಂಗಿ ಮೀನಿನಂತಹ ಅಲಂಕಾರಿಕ ಜಾತಿಗಳನ್ನು ಮರಿಕೇಂದ್ರದಲ್ಲಿಯೇ ಬೆಳೆಸುವ ವಿಧಾನಗಳನ್ನು ರೂಪಿಸಿದೆ. ಕಡಲಿನಿಂದ ಹಿಡಿದು ತಂದ ಮೀನಿಗಿಂತ ಹೀಗೆ ಬೆಳೆಸಿದ ಮೀನು ತೊಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಇನ್ನು ಎರಡನೆಯ ಕಾರಣ: ಹವಳವೇಕೆ ಸಾಯುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಬೆಳಕಿನ ಏರ್ಪಾಡು

ನೀರು ಬೆಳಕನ್ನು ಸೋಸುತ್ತದೆ. ಹತ್ತು ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಕೆಂಪು ಕಿರಣಗಳು ಬಹುಮಟ್ಟಿಗೆ ಹೀರಲ್ಪಟ್ಟಿರುತ್ತವೆ; ತಿಳಿಗಡಲಿನಲ್ಲಿ ಆಳಕ್ಕೆ ತಲುಪುವುದು ನೀಲಿ. ಹವಳದೊಳಗಿನ ಪಾಚಿ ಈ ನೀಲಿಗೇ ಒಗ್ಗಿದೆ. ಆದುದರಿಂದ ಪ್ರದರ್ಶನಾಲಯಗಳ ಹವಳದ ತೊಟ್ಟಿಗಳಲ್ಲಿ 420ರಿಂದ 480 ನ್ಯಾನೋಮೀಟರ್ ತರಂಗಾಂತರದ ನೀಲಿಗೆ ಪ್ರಾಧಾನ್ಯವಿರುವ ದೀಪಗಳನ್ನು ಬಳಸುತ್ತಾರೆ. ಹಿಂದೆ ಮೆಟಲ್ ಹ್ಯಾಲೈಡ್ ದೀಪಗಳೂ ಟ್ಯೂಬ್‌ಲೈಟ್‌ಗಳೂ ಬಳಕೆಯಲ್ಲಿದ್ದವು. ಈಗ ಎಲ್ಇಡಿ ದೀಪಗಳು ಅವುಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಇವು ವಿದ್ಯುತ್ತನ್ನು ಉಳಿಸುತ್ತವೆ, ನೀರನ್ನು ಅಷ್ಟಾಗಿ ಕಾಯಿಸುವುದಿಲ್ಲ.

ದೀಪ ಎಷ್ಟು ವ್ಯಾಟ್ ಎಂಬುದನ್ನು ನೋಡಿ ಕೊಳ್ಳುವುದು ಸರಿಯಾದ ಕ್ರಮವಲ್ಲ. ವ್ಯಾಟ್ ತಿಳಿಸುವುದು ದೀಪವು ನುಂಗುವ ವಿದ್ಯುತ್ತನ್ನೇ ಹೊರತು ಹವಳಕ್ಕೆ ಮುಟ್ಟುವ ಬೆಳಕನ್ನಲ್ಲ. ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಚದರ ಮೀಟರಿಗೆ, ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಎಂದು ಅಳೆಯುತ್ತಾರೆ. ಉಷ್ಣವಲಯದ ನಡುಹಗಲಿನ ಬಿಸಿಲು ನೀರಿನ ಮೇಲ್ಮೈಯಲ್ಲಿ ಸುಮಾರು 2000. ತೊಟ್ಟಿಯಲ್ಲಿ ಮೃದು ಹವಳಗಳಿಗೆ 50ರಿಂದ 150, ಕವಲುಗೊಂಬಿನ ಗಟ್ಟಿ ಹವಳಗಳಿಗೆ 200ರಿಂದ 400 ಸಾಕಾಗುತ್ತದೆ. ಒಂದೇ ತೊಟ್ಟಿಯಲ್ಲಿ ಮೇಲಿನ ಬಂಡೆಗೂ ತಳದ ಮರಳಿಗೂ ಈ ಅಳತೆ ಎರಡು ಮೂರು ಪಟ್ಟು ವ್ಯತ್ಯಾಸವಾಗುವುದರಿಂದ ಯಾವ ಜೀವಿಯನ್ನು ಎಲ್ಲಿರಿಸಬೇಕೆಂಬುದನ್ನು ದೀಪವೇ ನಿರ್ಧರಿಸುತ್ತದೆ.

ಹೆಚ್ಚು ಬೆಳಕೆಂದರೆ ಹೆಚ್ಚು ಬೆಳವಣಿಗೆ ಎಂಬ ನಂಬಿಕೆ ತಪ್ಪು. ಪಾಚಿ ಬಳಸಿಕೊಳ್ಳಬಲ್ಲುದಕ್ಕಿಂತ ಅಧಿಕವಾದ ಬೆಳಕು ಬಿದ್ದಾಗ, ಅದರಲ್ಲೂ ನೀರು ಬಿಸಿಯಾಗಿದ್ದಾಗ, ಅಂಗಾಂಶದೊಳಗೆ ವಿಷಕಾರಿ ರೂಪದ ಆಮ್ಲಜನಕ ಉತ್ಪತ್ತಿಯಾಗುತ್ತದೆ. ಆಗ ಹವಳ ತನ್ನ ಪಾಚಿಯನ್ನೇ ಹೊರದೂಡುತ್ತದೆ, ಸುಣ್ಣದ ಬಿಳಿ ಎಲುಬು ಕಾಣತೊಡಗುತ್ತದೆ. ಬಿಳಿಚುವಿಕೆ ಎನ್ನುವುದು ಇದನ್ನೇ. ಬೇಸಿಗೆಯ ಗರಿಷ್ಠ ತಾಪಕ್ಕಿಂತ ಒಂದೇ ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಕಡಲಿನಲ್ಲಿಯೂ ಹೀಗಾಗುತ್ತದೆ. 1998, 2010 ಮತ್ತು 2016ರಲ್ಲಿ ಜಗತ್ತಿನ ಅನೇಕ ದಿಬ್ಬಗಳು, ನಮ್ಮ ಲಕ್ಷದ್ವೀಪವೂ ಸೇರಿದಂತೆ, ಹೀಗೆ ಬಿಳಿಚಿದವು. 2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ವಿಜ್ಞಾನಿಗಳು ಘೋಷಿಸಿದರು. ಆದುದರಿಂದ ಹೊಸ ದೀಪವನ್ನು ಅರ್ಧ ತೀವ್ರತೆಯಲ್ಲಿ ಆರಂಭಿಸಿ ಮೂರು ನಾಲ್ಕು ವಾರಗಳಲ್ಲಿ ಕ್ರಮೇಣ ಏರಿಸುವುದು ರೂಢಿ. ದಿನಕ್ಕೆ ಹತ್ತು ಗಂಟೆ ಬೆಳಕು, ಉಳಿದ ಕಾಲ ಪೂರ್ಣ ಕತ್ತಲೆ. ಮೀನುಗಳಷ್ಟೇ ಇರುವ ಮನೆಯ ತೊಟ್ಟಿಗೆ ಆರರಿಂದ ಎಂಟು ಗಂಟೆ ಸಾಕು. ಅದಕ್ಕೂ ಮೀರಿದರೆ ಗಾಜಿನ ಮೇಲೆ ಬೇಡದ ಪಾಚಿ ಬೆಳೆಯುತ್ತದೆ. ಸಮಯ ಪಾಲನೆಗೆ ಟೈಮರ್ ಒಂದನ್ನು ಅಳವಡಿಸುವುದು ಒಳ್ಳೆಯದು.

ನೀರಿನ ಹರಿವು

ದೀಪದ ಬಗ್ಗೆ ವಹಿಸುವಷ್ಟು ಆಸ್ಥೆಯನ್ನು ಹರಿವಿನ ಬಗ್ಗೆ ವಹಿಸುವವರು ಕಡಿಮೆ. ಹರಿವು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಇದಕ್ಕೆ ಕಾರಣವಿರಬೇಕು. ಹವಳ ನೆಲಕ್ಕೆ ಅಂಟಿದ ಪ್ರಾಣಿ. ಅದು ಉಸಿರಿನ ಬಳಿಗೆ ಹೋಗಲಾರದು, ಉಸಿರೇ ಅದರ ಬಳಿಗೆ ಬರಬೇಕು. ಯಾವುದೇ ವಸ್ತುವಿನ ಮೇಲ್ಮೈಗೆ ತಾಗಿದಂತೆ ನಿಶ್ಚಲವಾದ ನೀರಿನ ತೆಳುಪದರವೊಂದು ಇರುತ್ತದೆ. ಆಮ್ಲಜನಕ, ಸುಣ್ಣದಂಶ, ಪೋಷಕಾಂಶಗಳೆಲ್ಲ ಆ ಪದರವನ್ನು ದಾಟಿಯೇ ಒಳಬರಬೇಕು, ಹೊಲಸು ಅದನ್ನು ದಾಟಿಯೇ ಹೊರಹೋಗಬೇಕು. ಹರಿವು ಬಲವಾದಷ್ಟೂ ಪದರ ತೆಳುವಾಗುತ್ತದೆ, ವಿನಿಮಯ ಸುಗಮವಾಗುತ್ತದೆ. ಪ್ರಖರ ಬೆಳಕಿನಲ್ಲಿ ಅಂಗಾಂಶದೊಳಗೆ ಸೇರಿಕೊಳ್ಳುವ ಹೆಚ್ಚಿನ ಆಮ್ಲಜನಕವನ್ನು ಹೊರಸಾಗಿಸುವುದೂ ಇದೇ ಹರಿವು. ಬೆಳಕನ್ನು ಏರಿಸಿ ಹರಿವನ್ನು ಮರೆತ ತೊಟ್ಟಿಯಲ್ಲಿ ಹವಳ ಬೇಗ ಬಿಳಿಚುವುದರ ಗುಟ್ಟು ಇಷ್ಟೆ.

ಎಷ್ಟು ಹರಿವು ಬೇಕು? ತೊಟ್ಟಿಯ ನೀರು ಗಂಟೆಗೆ ಎಷ್ಟು ಬಾರಿ ಸುತ್ತುತ್ತದೆ ಎಂಬ ಲೆಕ್ಕ ಪ್ರಚಲಿತವಾಗಿದೆ. ಮೃದು ಹವಳಗಳಿಗೆ 10ರಿಂದ 20 ಬಾರಿ, ಕವಲುಗೊಂಬಿನ ಹವಳಗಳಿಗೆ 30ರಿಂದ 50 ಬಾರಿ. ಉದಾಹರಣೆಗೆ, 120 ಸೆಂ.ಮೀ. ಉದ್ದ, ತಲಾ 45 ಸೆಂ.ಮೀ. ಅಗಲ ಎತ್ತರಗಳ ತೊಟ್ಟಿಯಲ್ಲಿ ಬಂಡೆ, ಮರಳು ಹೋಗಿ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಇಪ್ಪತ್ತು ಬಾರಿಯ ಲೆಕ್ಕದಲ್ಲಿ ಗಂಟೆಗೆ 4000 ಲೀಟರ್. ಇದನ್ನು ಒಂದೇ ಪಂಪಿನಿಂದ ಪಡೆಯುವುದಕ್ಕಿಂತ 2000 ಲೀಟರಿನ ಎರಡು ಪಂಪುಗಳನ್ನು ಎರಡು ಬದಿಗಳಲ್ಲಿ ಇರಿಸುವುದು ಲೇಸು. ಒಂದೇ ದಿಕ್ಕಿನಿಂದ ಕೊಳವೆಯ ಧಾರೆಯಂತೆ ಬೀಳುವ ನೀರು ಹವಳದ ಅಂಗಾಂಶವನ್ನು ಎಲುಬಿನಿಂದ ಕಿತ್ತುಹಾಕಬಲ್ಲದು. ಎದುರುಬದುರಾದ ಎರಡು ಧಾರೆಗಳು ನಡುವೆ ಡಿಕ್ಕಿ ಹೊಡೆದು ದಿಬ್ಬದ ಅಲೆಯಂತಹ ಗೊತ್ತುಗುರಿಯಿಲ್ಲದ ಕಲಕಾಟವನ್ನು ಉಂಟುಮಾಡುತ್ತವೆ. ಇವುಗಳನ್ನು ಸರದಿಯಂತೆ ನಡೆಸಿದರೆ ಭರತ ಇಳಿತದ ತೊನೆದಾಟವೂ ದೊರೆಯುತ್ತದೆ. ಒಂದು ಧಾರೆಯನ್ನು ನೀರಿನ ಮೇಲ್ಮೈಯತ್ತ ಸ್ವಲ್ಪ ಓರೆಯಾಗಿ ತಿರುಗಿಸಬೇಕು. ಮೇಲ್ಮೈ ಸುಕ್ಕುಗಟ್ಟಿದಾಗಲೇ ಗಾಳಿಯ ಆಮ್ಲಜನಕ ನೀರಿಗಿಳಿಯುತ್ತದೆ.

ಏರ್ಪಾಡು ಸರಿಯಾಗಿದೆಯೇ ಎಂದು ತಿಳಿಯಲು ಉಪಕರಣ ಬೇಡ. ಬಂಡೆಗಳ ಹಿಂದೆ, ಮೂಲೆಗಳಲ್ಲಿ ಕಂದು ಕಸ ಗುಡ್ಡೆಯಾಗುತ್ತಿದ್ದರೆ ಅಲ್ಲಿ ಹರಿವಿಲ್ಲ. ತಳದ ಮರಳು ಕೊಚ್ಚಿಹೋಗಿ ಗಾಜು ಕಾಣುತ್ತಿದ್ದರೆ ಅಲ್ಲಿ ಹರಿವು ಮಿತಿಮೀರಿದೆ. ಹವಳದ ತೊಟ್ಟಿಯಲ್ಲಾದರೆ ಎಸಳುಗಳು ಗಾಳಿಗೆ ರಾಗಿಯ ಪೈರು ತೂಗುವಂತೆ ಮೆಲ್ಲನೆ ತೂಗುತ್ತಿರಬೇಕು. ಒಂದೇ ಕಡೆಗೆ ಬಾಗಿ ನಿಂತಿರಬಾರದು. ಬಂಡೆಗಳನ್ನು ಗೋಡೆಯಂತೆ ಹಿಂಬದಿಗೆ ಒತ್ತಿ ಜೋಡಿಸುವ ವಾಡಿಕೆಯನ್ನು ಬಿಟ್ಟು, ನಡುವೆ ಕಂಡಿಗಳಿರುವಂತೆ, ಗಾಜಿನಿಂದ ಒಂದು ಗೇಣು ದೂರದಲ್ಲಿ ಪೇರಿಸಿದರೆ ಅರ್ಧ ಸಮಸ್ಯೆ ತೀರಿದಂತೆ.

ಈ ವಿದ್ಯೆಗೆ ಅಂತಹ ದೀರ್ಘ ಇತಿಹಾಸವೇನೂ ಇಲ್ಲ. ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬ ಹವ್ಯಾಸಿ ಬಿಸಿಲು, ಜೀವಂತ ಬಂಡೆ ಮತ್ತು ಗಾಳಿಗುಳ್ಳೆಗಳ ಹರಿವು ಇವಿಷ್ಟರಿಂದಲೇ ಹವಳವನ್ನು ಬದುಕಿಸಿದ ಕ್ರಮವನ್ನು 1961ರಲ್ಲಿ ಪ್ರಕಟಿಸಿದನು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಮತ್ಸ್ಯಾಲಯದಲ್ಲಿ ಬಿಸಿಲಿಗೆ ಒಡ್ಡಿದ ಬೃಹತ್ ತೊಟ್ಟಿಗೆ ಅಲೆಯ ಯಂತ್ರವನ್ನೇ ಜೋಡಿಸಿದ್ದರು. ಗುಜರಾತಿನಲ್ಲಿ ಸೂರತ್ ಮಹಾನಗರಪಾಲಿಕೆಯು 2014ರಲ್ಲಿ ಪಾಲ್ ಪ್ರದೇಶದಲ್ಲಿ ಜಗದೀಶಚಂದ್ರ ಬೋಸರ ಹೆಸರಿನ ಮತ್ಸ್ಯಾಲಯವನ್ನು ತೆರೆಯಿತು. ಅಹಮದಾಬಾದಿನ ವಿಜ್ಞಾನ ನಗರಿಯಲ್ಲಿ 2021ರಲ್ಲಿ ಜಲಚರ ವೀಥಿ ಆರಂಭವಾಯಿತು. ಮಕ್ಕಳೊಂದಿಗೆ ಅಲ್ಲಿಗೆ ಹೋದವರು ಮೀನುಗಳ ಜೊತೆಗೆ ನೀರು ಎಲ್ಲಿಂದ ಬಂದು ಎಲ್ಲಿ ತಿರುಗುತ್ತದೆ ಎಂಬುದನ್ನೂ ಒಂದಿಷ್ಟು ಗಮನಿಸಿ ನೋಡಬಹುದು.

ಬೇಸಿಗೆ ಮತ್ತು ವಿದ್ಯುತ್

ದಿಬ್ಬದ ಜೀವಿಗಳಿಗೆ ಒಪ್ಪುವ ತಾಪ 24ರಿಂದ 27 ಡಿಗ್ರಿ. ಸೂರತ್, ವಡೋದರಾ, ಅಹಮದಾಬಾದ್‌ಗಳ ಬೇಸಿಗೆ 40 ಡಿಗ್ರಿಯನ್ನು ಮುಟ್ಟುವುದು ಸಾಮಾನ್ಯ; ನಮ್ಮ ರಾಯಚೂರು, ಕಲಬುರಗಿಗಳದೂ ಅದೇ ಕಥೆ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಆವಿಯಾಗಿ ಉಪ್ಪು ಹಿಂದುಳಿಯುವುದರಿಂದ ಪ್ರತಿದಿನ ಶುದ್ಧೀಕರಿಸಿದ ಸಿಹಿನೀರನ್ನೇ, ಉಪ್ಪುನೀರನ್ನಲ್ಲ, ತುಂಬಿ ಲವಣಾಂಶವನ್ನು ಸಾವಿರಕ್ಕೆ 35ರ ಆಸುಪಾಸಿನಲ್ಲಿ ಕಾಯ್ದುಕೊಳ್ಳಬೇಕು. ಮುಂಗಾರಿನ ತೇವದ ದಿನಗಳಲ್ಲಿ ಫ್ಯಾನಿನಿಂದ ಪ್ರಯೋಜನ ಅಷ್ಟಕ್ಕಷ್ಟೆ.

ಉಪ್ಪುನೀರು ವಿದ್ಯುತ್ತಿನ ಉತ್ತಮ ವಾಹಕವೆಂಬುದನ್ನು ಕ್ಷಣವೂ ಮರೆಯಬಾರದು. ತಂತಿಗಳನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿಡುವಂತೆ ಅಳವಡಿಸಿದರೆ ತಂತಿಯ ಮೇಲೆ ಜಾರಿಬರುವ ಹನಿ ಪ್ಲಗ್ಗನ್ನು ತಲುಪದೆ ನೆಲಕ್ಕೆ ಬೀಳುತ್ತದೆ. ವಿದ್ಯುತ್ ಸೋರಿದೊಡನೆ ಸಂಪರ್ಕವನ್ನು ಕಡಿದುಹಾಕುವ ಬ್ರೇಕರ್ ಇಲ್ಲದೆ ಉಪ್ಪುನೀರಿನ ತೊಟ್ಟಿಯನ್ನು ಇಡಲೇಬಾರದು. ತೊಟ್ಟಿಗೆ ಕೈ ಹಾಕುವ ಮುನ್ನ ದೀಪ, ಪಂಪುಗಳ ಸ್ವಿಚ್ಚನ್ನು ಆರಿಸಬೇಕು. ವಿದ್ಯುತ್ ಹೋದಾಗ ದೀಪವಿಲ್ಲದಿದ್ದರೆ ಒಂದು ದಿನ ಯಾವ ಜೀವಿಗೂ ಧಕ್ಕೆಯಿಲ್ಲ. ಹರಿವು ನಿಂತರೆ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಪಂಪನ್ನು ತೊಟ್ಟಿಯ ಪಕ್ಕದಲ್ಲಿಯೇ ಸಿದ್ಧವಾಗಿಡಬೇಕು. ಅದೂ ಇಲ್ಲದಾಗ, ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಒಂದು ಅಡಿ ಎತ್ತರದಿಂದ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮರಳಿ ಸುರಿಯುತ್ತಿದ್ದರೆ ಮೀನುಗಳು ವಿದ್ಯುತ್ ಬರುವವರೆಗೆ ತಾಳಿಕೊಳ್ಳುತ್ತವೆ.