ಕೈಗೆ ಎಷ್ಟು ಬಾತ್ ಬಂತು?

ಸಿದ್ಧಾರ್ಥನಗರದ ನಮ್ಮ ಗೆಳೆಯನ ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಈ ರಜೆಯಲ್ಲಿ ಅವರು ತಮ್ಮ ಅಕ್ಕನ ಜೊತೆ ಬ್ಯಾಂಕಾಕ್‌ಗೆ ಹೊರಟಿದ್ದಾರೆ. ಸಂಪೆಂಗ್ ಬೀದಿಯಲ್ಲಿ ಲೇಸು, ಗುಂಡಿ, ಪ್ರತುನಾಮ್‌ನಲ್ಲಿ ಬಟ್ಟೆ ತರೋ ಪ್ಲಾನ್. ಹೊಲಿಗೆಯಿಂದ ಉಳಿಸಿದ್ದು 30,000 ರೂಪಾಯಿ. "ಎಲ್ಲಿ ಬದಲಾಯಿಸಿದ್ರೆ ಒಳ್ಳೇದು ಹೇಳ್ರಪ್ಪ" ಅಂದ್ರು. ನಾವು ಕೂತು ಲೆಕ್ಕ ಹಾಕಿದ್ವಿ.

ಮೊದಲು ಒಂದು ಗೊಂದಲ ಬಿಡಿಸೋಣ. ಫಾರೆಕ್ಸ್ ಅಂಗಡಿಯ ಬೋರ್ಡಿನಲ್ಲಿ ಎರಡು ದರ ಇರುತ್ತೆ: ಕೊಳ್ಳುವ ದರ, ಮಾರುವ ದರ. ಎರಡೂ ಅಂಗಡಿಯವರ ಕಡೆಯಿಂದ ಬರೆದಿದ್ದು. ನಮಗೆ ಬಾತ್ ಬೇಕಾದರೆ (ತಿನ್ನೋ ಬಾತ್ ಅಲ್ಲ, ಥಾಯ್ಲೆಂಡಿನ ದುಡ್ಡು) ಅವರು ಮಾರುವ ದರ ನೋಡಬೇಕು. ಇವೆರಡರ ನಡುವಿನ ಅಂತರದಲ್ಲೇ ಅವರ ಲಾಭ ಇರೋದು. ಹಾಗಾಗಿ "ಕಮಿಷನ್ ಇಲ್ಲ" ಅನ್ನೋ ಬೋರ್ಡ್ ನೋಡಿ ಖುಷಿಪಡೋ ಹಾಗಿಲ್ಲ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಮಾರುಕಟ್ಟೆಯಲ್ಲಿ 1 ಬಾತ್‌ಗೆ 2.50 ರೂ. ಅಂದ್ಕೊಳ್ಳೋಣ. ಆಗ 30,000ಕ್ಕೆ 12,000 ಬಾತ್ ಬರಬೇಕು. ಮೊದಲನೇ ಅಂಗಡಿ: ಕಮಿಷನ್ ಇಲ್ಲ, ದರ 2.70. ಕೈಗೆ ಬರೋದು 11,111. ಎರಡನೇ ಅಂಗಡಿ: 200 ರೂ. ಶುಲ್ಕ, ದರ 2.58. ಕೈಗೆ 11,550. ಶುಲ್ಕ ಕೇಳಿದವನೇ ಅಗ್ಗ! ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: "ಎಲ್ಲಾ ಸೇರಿ 30,000ಕ್ಕೆ ನನ್ನ ಕೈಗೆ ಎಷ್ಟು ಕೊಡ್ತೀರಾ?"

ಇಲ್ಲಿಂದ ಡಾಲರ್ ಒಯ್ದು ಅಲ್ಲಿ ಬಾತ್ ಮಾಡಿಸೋದು ಇನ್ನೊಂದು ದಾರಿ. ಎರಡು ಸಲ ಬದಲಾವಣೆ ಅಂದ್ರೆ ಎರಡು ನಷ್ಟ. ಗೇರ್ ಟ್ರೇನ್‌ನ ಎಫಿಷಿಯೆನ್ಸಿ ಥರ ಗುಣಿಸಬೇಕು. ಮೊದಲನೆಯದರಲ್ಲಿ 1.5%, ಎರಡನೆಯದರಲ್ಲಿ 1% ಹೋದರೆ 0.985 × 0.99 = 0.975. ಅಂದರೆ ಸುಮಾರು 11,700 ಬಾತ್. ಎರಡನೇ ಅಂಗಡಿಗಿಂತಲೂ ಮೇಲು. ಡಾಲರ್ ವ್ಯವಹಾರ ಎಲ್ಲ ಕಡೆ ಜಾಸ್ತಿ, ಅದಕ್ಕೇ ಅಂತರ ಕಡಿಮೆ. ಆದರೆ ಆ ದಿನದ ದರ ಹಾಕಿ ನೋಡದೆ ನಂಬಬೇಡಿ. ಒಯ್ಯೋದಾದರೆ 100 ಡಾಲರ್ ನೋಟೇ ಒಯ್ಯಿರಿ. ಚಿಕ್ಕ ನೋಟುಗಳಿಗೆ ಅಲ್ಲಿ ಸಾಮಾನ್ಯವಾಗಿ ಕಡಿಮೆ ದರ.

ಜಿಎಸ್‌ಟಿ ಬಗ್ಗೆ ಯಾರೂ ಹೇಳಲ್ಲ. 1 ಲಕ್ಷದವರೆಗೆ ಬದಲಾಯಿಸಿದ ಮೊತ್ತದ 1% ಅನ್ನು ಸೇವೆಯ ಮೌಲ್ಯ ಅಂತ ಹಿಡಿದು (ಕನಿಷ್ಠ 250 ರೂ.) ಅದರ ಮೇಲೆ 18% ಹಾಕ್ತಾರೆ. 30,000 ಒಂದೇ ಸಲ ಬದಲಾಯಿಸಿದರೆ 54 ರೂ. ಹತ್ತು ಹತ್ತು ಸಾವಿರದಂತೆ ಮೂರು ಸಲ ಮಾಡಿದರೆ 45ರಂತೆ 135 ರೂ. ಆಂಟಿ ಇದನ್ನ ಕೇಳಿ ನಮಗಿಂತ ಬೇಗ ಲೆಕ್ಕ ಮಾಡಿದ್ರು.

ವಿಮಾನ ನಿಲ್ದಾಣದ ಕೌಂಟರ್ ಕೊನೇ ಉಪಾಯ, ಅಷ್ಟೇ. ಕಾರ್ಡ್ ಉಜ್ಜುವಾಗ ಮಷೀನು "ರೂಪಾಯಿಯಲ್ಲಾ, ಬಾತಾ?" ಅಂತ ಕೇಳಿದರೆ ಬಾತ್ ಒತ್ತಿ. ರೂಪಾಯಿ ಒತ್ತಿದರೆ ಅಲ್ಲಿಯವರೇ ತಮ್ಮ ದರ ಹಾಕ್ತಾರೆ, ಅದು ಬಹುತೇಕ ದುಬಾರಿ. ನಮ್ಮ ಬ್ಯಾಂಕಿನ ಮಾರ್ಕಪ್ ಎಷ್ಟು ಅಂತ ಹೊರಡೋ ಮೊದಲೇ ಕೇಳಿಟ್ಟುಕೊಳ್ಳಿ. ಉಳಿದ ಚಿಲ್ಲರೆ ನಾಣ್ಯ ಅಲ್ಲೇ ಖರ್ಚು ಮಾಡಿ, ಇಲ್ಲಿ ಯಾರೂ ತಗೊಳ್ಳಲ್ಲ.

ನೇಪಾಳ, ಭೂತಾನ್‌ಗೆ ಹೋಗೋರಿಗೆ ಇಷ್ಟು ತಲೆಬಿಸಿ ಇಲ್ಲ. ನಮ್ಮ 1 ರೂಪಾಯಿಗೆ ನೇಪಾಳದ 1.60 ಅನ್ನೋದು 1993ರಿಂದ ಬದಲಾಗಿಲ್ಲ. ಭೂತಾನಿನ ಂಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ.