ಹೆಸರು ಕೇಳದೆ ಕೊಡಿ

ನಮ್ಮ ಸಭೆಯ ಮಕ್ಕಳೇ, ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರ ರೂಪಾಯಿ ಕೂಗುವುದು ಸುಲಭ. ಎದುರು ಓಣಿಯಲ್ಲಿ ಜ್ವರ ಬಂದು ಮಲಗಿದವನ ದನಕ್ಕೆ ಒಂದು ಹೊರೆ ಕಣಿಕೆ ಹಾಕಿ ಬರುವುದು ಕಷ್ಟ. ಮೊದಲನೆಯದಕ್ಕೆ ಚಪ್ಪಾಳೆ ಬೀಳುತ್ತದೆ. ಕರ್ತನು ಲೆಕ್ಕ ಕೇಳುವುದು ಎರಡನೆಯದಕ್ಕೆ.

ಲೂಕನ 10ನೇ ಅಧ್ಯಾಯದ ಸಮಾರ್ಯದವನ ಕಥೆ ನಿಮಗೆ ಬಾಯಿಪಾಠ. ಆದರೆ ಅವನು ಮಾಡಿದ್ದನ್ನು ಒಂದೊಂದಾಗಿ ನೋಡಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ಸವಾರಿಯ ಮೇಲೆ ಕೂಡ್ರಿಸಿದ. ಛತ್ರದವನ ಕೈಗೆ ಎರಡು ದಿನದ ಕೂಲಿಯಷ್ಟು ಹಣ ಇಟ್ಟ, ಹೆಚ್ಚಾದರೆ ಮರಳಿ ಬಂದಾಗ ಕೊಡುವೆನೆಂದ. ಬಿದ್ದವನ ಹೆಸರು, ಕುಲ ಕೇಳಿದ ಮಾತೇ ಅಲ್ಲಿಲ್ಲ.

ಇದನ್ನು ನಾವು ಎಲ್ಲರಿಗಿಂತ ಹೆಚ್ಚು ನೆನಪಿಡಬೇಕು. ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ ಬಂದು ಶಾಲೆ ತೆರೆದರು. 1876-78ರ ಧಾತು-ಈಶ್ವರ ಬರದಲ್ಲಿ ತಬ್ಬಲಿ ಮಕ್ಕಳನ್ನು ಸಾಕಿದರು. ಗದಗ-ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿದರು. ಆದರೆ ನಮ್ಮ ಹಿರಿಯರು ಗಂಜಿಗಾಗಿ ಮತ ಬಿಟ್ಟರೆಂಬ ಮಾತು ಮಾತ್ರ ನಮ್ಮ ಬೆನ್ನು ಬಿಟ್ಟಿಲ್ಲ. ವಾದ ಮಾಡಿ ಅದನ್ನು ಗೆಲ್ಲಲಾಗದು. ಕೊಟ್ಟದ್ದಕ್ಕೆ ಏನನ್ನೂ ಕೇಳದಿರುವುದೇ ಉತ್ತರ. ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿಮಾಡಿದ. ಕೃತಜ್ಞತೆ ಹೇಳಲು ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಗೆ ರೋಗ ಮರಳಿತೆಂದು ಎಲ್ಲೂ ಬರೆದಿಲ್ಲ.

ಕೊಡುವ ರೀತಿಯೂ ಮುಖ್ಯ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಹಕ್ಕಲನ್ನು ಬಡವರಿಗೂ ಪರದೇಶಿಗೂ ಬಿಡು ಎಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಸಾಲಕ್ಕೆ ಒತ್ತೆ ತೆಗೆದುಕೊಳ್ಳುವವನು ಸಾಲಗಾರನ ಮನೆಯೊಳಗೆ ಕಾಲಿಡಬಾರದು, ಹೊರಗೇ ನಿಲ್ಲಬೇಕು ಎಂದೂ ಹೇಳುತ್ತದೆ. ಬಡವನ ಹೊಟ್ಟೆಯಷ್ಟೇ ಅಲ್ಲ, ಅವನ ಮರ್ಯಾದೆಯೂ ದೇವರಿಗೆ ಬೇಕು. ನಮ್ಮ ಎರಿಹೊಲಗಳಲ್ಲೂ ಜೋಳದ ರಾಶಿ ಮುಗಿದ ಮೇಲೆ ತೆನೆ ಆಯಲು ಬಂದ ಹೆಣ್ಣುಮಕ್ಕಳನ್ನು ಹಿರಿಯರು ‘ಯಾಕ ಬಂದಿ?’ ಎನ್ನುತ್ತಿರಲಿಲ್ಲ. ನೀವು ಅಕ್ಕಿ ಪಾಕೀಟು ಹಂಚುವಾಗ ಫೋಟೋ ತೆಗೆಯುತ್ತೀರಿ. ಅದರಲ್ಲಿ ತಲೆ ತಗ್ಗಿಸಿ ಕೈ ಚಾಚಿದವಳು ನಿಮ್ಮವ್ವನ ವಯಸ್ಸಿನವಳು. ಫೋಟೋ ಬಿಡಿ.

ಮತ್ತೆ, ಬೇಕಾದದ್ದನ್ನು ಕೇಳಿ ಕೊಡಿ. 2019ರ ಆಗಸ್ಟ್ ಮಳೆಗೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ನವಲಗುಂದದ ಕಡೆ ಎಷ್ಟು ಹಾಳಾಯಿತೆಂದು ಬಲ್ಲಿರಿ. ಅಂಥ ಹೊತ್ತಿನಲ್ಲಿ ಹಳೇ ಬಟ್ಟೆಯ ಗಂಟು ರಾಶಿ ಬೀಳುತ್ತದೆ. ಗೋಡೆ ಕುಸಿದ ಮನೆಗೆ ಬೇಕಾದದ್ದು ತಾಡಪತ್ರಿ, ದನಕ್ಕೆ ಮೇವು, ತಲಾಟಿ ಪಂಚನಾಮೆಗೆ ಬಂದಾಗ ಅರ್ಜಿ ತುಂಬಿ ಆಧಾರ್, ಪಾಸ್‌ಬುಕ್ ಜೋಡಿಸಿ ಕೊಡುವ ಒಬ್ಬ ಓದಿದ ಹುಡುಗ. ಆ ಹುಡುಗ ನೀವೇ. ರೊಕ್ಕ ಇಲ್ಲದಿದ್ದರೂ ಇದು ನಿಮ್ಮ ಕೈಲಾಗುವ ಕೆಲಸ.

ಈ ಸಲ ಮಳೆಗಾಲಕ್ಕೆ ಮೊದಲೇ ಕೂತು ನಿಮ್ಮ ಊರಿನ ಪಟ್ಟಿ ಮಾಡಿ: ಮಣ್ಣಿನ ಗೋಡೆಯ ಮನೆ ಯಾವುವು, ಒಂಟಿ ಮುದುಕರು ಯಾರು, ಬಾಣಂತಿಯರು ಎಲ್ಲಿದ್ದಾರೆ. ಓಣಿ ಬರೆಯಿರಿ, ಫೋನ್ ನಂಬರು ಬರೆಯಿರಿ. ಜಾತಿ, ಮತದ ಕಾಲಂ ಹಾಕಬೇಡಿ.